ಸಹಾಯ ಬೇಕು: ಸಿ ಲೈಬ್ರರಿಯಲ್ಲಿ ಥ್ರೆಡ್ ಲೋಕಲ್ ಸ್ಟೋರೇಜ್

ಪುಣೆಯ ಕನ್ನಡಿಗ ಮಿತ್ರರಿಗೆ ನಮಸ್ಕಾರ. ಹಿಂಜವಡಿಯ ಕಂಪನಿಯೊಂದರಲ್ಲಿ, ಲಿನಕ್ಸ್ ಮೇಲೆ ನಡೆಯುವ ಹಳೆಯ ಸಿ ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಲಾಗ್ ಸಾಲುಗಳನ್ನು ಜೋಡಿಸಲು ಒಂದೇ ಸ್ಟ್ಯಾಟಿಕ್ ಬಫರ್ (ಎಲ್ಲರೂ ಹಂಚಿಕೊಳ್ಳುವ ಮೆಮೊರಿ ಜಾಗ) ಇದ್ದು, ಎಲ್ಲ ಥ್ರೆಡ್‌ಗಳೂ (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಂದು ಥ್ರೆಡ್ಡನ್ನು ಮಾತ್ರ ಬಿಡುವ ಲಾಕ್) ಮುಂದೆ ಸರದಿಗೆ ಕಾಯುವುದರಿಂದ ಕೋರ್‌ಗಳನ್ನು ಹೆಚ್ಚಿಸಿದರೂ ವೇಗ ಹೆಚ್ಚುತ್ತಿಲ್ಲ. ಲಾಕ್ ತೆಗೆದರೆ ಒಂದು ಥ್ರೆಡ್ಡಿನ ಅರ್ಧ ಸಾಲು ಇನ್ನೊಂದರ ಸಾಲಿನೊಳಗೆ ಸೇರಿಕೊಳ್ಳುತ್ತದೆ.

ಆದ್ದರಿಂದ, ಎರ್‌ನೋ (ಕೊನೆಯ ದೋಷದ ಸಂಖ್ಯೆ ಇಡುವ ಸಿ ವೇರಿಯಬಲ್) ಹೇಗೆ ಪ್ರತಿ ಥ್ರೆಡ್ಡಿಗೂ ಬೇರೆಯಾಗಿದೆಯೋ ಹಾಗೆಯೇ, ಸಿ ಭಾಷೆಯ 2011ರ ಮಾನದಂಡವಾದ ಸಿ11ರಲ್ಲಿ ಬಂದ ಥ್ರೆಡ್ ಲೋಕಲ್ ಸ್ಟೋರೇಜ್ (ಟಿಎಲ್‌ಎಸ್) ಸೌಲಭ್ಯವನ್ನು ಬಳಸಿ ಪ್ರತಿ ಥ್ರೆಡ್ಡಿಗೂ ಸ್ವಂತ ಬಫರ್ ಕೊಡಬೇಕೆಂದಿದ್ದೇನೆ. ಆದರೆ ಬಫರನ್ನು ಮ್ಯಾಲಾಕ್‌ನಿಂದ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಪಡೆದರೆ, ಥ್ರೆಡ್ ಮುಗಿದಾಗ ಅದರ ವಿಳಾಸ ಹಿಡಿದ ಪಾಯಿಂಟರ್ ಮಾತ್ರ ಹೋಗುತ್ತದೆಯೇ ಹೊರತು ಮೆಮೊರಿ ತಾನಾಗಿ ಬಿಡುಗಡೆಯಾಗುವುದಿಲ್ಲ. ಓದಲು ಬರೆಯಲು ಥ್ರೆಡ್ ಲೋಕಲ್ ಪಾಯಿಂಟರನ್ನೂ, ಕೊನೆಯಲ್ಲಿ ಮೆಮೊರಿ ಬಿಡಿಸಲು ಮಾತ್ರ ಪಿಥ್ರೆಡ್ ಕೀಯ ಡಿಸ್ಟ್ರಕ್ಟರನ್ನೂ (ಥ್ರೆಡ್ ಮುಗಿದಾಗ ತಾನಾಗಿ ನಡೆಯುವ ಫಂಕ್ಷನ್) ಒಟ್ಟಿಗೆ ಇಟ್ಟುಕೊಳ್ಳುವುದು ಸರಿಯಾದ ಪದ್ಧತಿಯೇ?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತೊಡಕು. ಈ ಲೈಬ್ರರಿಯನ್ನು ಡಿಎಲ್‌ಓಪನ್ (ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಲೈಬ್ರರಿ ಲೋಡ್ ಮಾಡುವ ಫಂಕ್ಷನ್) ಮೂಲಕ ಪ್ಲಗಿನ್ನಾಗಿ ಲೋಡ್ ಮಾಡುತ್ತಾರೆ. ಥ್ರೆಡ್ ಲೋಕಲ್ ವೇರಿಯಬಲ್ ತಲುಪುವ ಸಾಮಾನ್ಯ ವಿಧಾನವಾದ ಗ್ಲೋಬಲ್ ಡೈನಾಮಿಕ್ ಮಾದರಿಯಲ್ಲಿ ವೇರಿಯಬಲ್ಲಿನ ವಿಳಾಸ ಪಡೆಯಲು ಒಂದು ಫಂಕ್ಷನ್ ಕರೆ ಬೇಕಾಗುತ್ತದೆ. ಬಿಗಿಯಾದ ಲೂಪಿನಲ್ಲಿ ಇದು ದುಬಾರಿ. ಇನಿಷಿಯಲ್ ಎಕ್ಸೆಕ್ ಮಾದರಿಗೆ ಬದಲಿಸಿದರೆ ಆ ಕರೆ ತಪ್ಪುತ್ತದೆ, ಆದರೆ ಪ್ರೋಗ್ರಾಮ್ ಶುರುವಾಗುವಾಗಲೇ ಮೀಸಲಿಡುವ ಸ್ಟ್ಯಾಟಿಕ್ ಟಿಎಲ್‌ಎಸ್ ಜಾಗ ಸಾಲದಿದ್ದರೆ ಪ್ಲಗಿನ್ ಲೋಡೇ ಆಗುವುದಿಲ್ಲ. ಲೂಪಿನ ಹೊರಗೇ ವಿಳಾಸವನ್ನು ಲೋಕಲ್ ಪಾಯಿಂಟರಿಗೆ ತೆಗೆದುಕೊಂಡರೆ ಸಾಕೆಂದು ನನ್ನ ಅಂದಾಜು. ಇಂಥ ಪ್ಲಗಿನ್‌ಗಳಲ್ಲಿ ಕೆಲಸ ಮಾಡಿದವರು ಯಾವ ದಾರಿ ಹಿಡಿದಿರಿ ಎಂದು ದಯವಿಟ್ಟು ತಿಳಿಸಿ. ಬರೆದು ವಿವರಿಸುವುದು ಕಷ್ಟವಾದರೆ, ವಾರಾಂತ್ಯದಲ್ಲಿ ಕೋಥರೂಡ್ ಕಡೆ ಲ್ಯಾಪ್‌ಟಾಪ್ ಸಮೇತ ಬರಲು ಸಿದ್ಧನಿದ್ದೇನೆ.