ಲೂಪಸ್ 'ಫ್ಲೇರ್' ಆಯ್ತು ಅನ್ನೋದಕ್ಕೆ ಏನಂತೀರಿ? ಕೆರಳಿತು ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿರುವ ನಮ್ಮ ಅತ್ತಿಗೆಗೆ ಲೂಪಸ್ ಅನ್ನುವ ಕಾಯಿಲೆ ಇದೆ. ಅದು ಸುಮ್ಮನಿದ್ದು ಆಗಾಗ ಜೋರಾಗುತ್ತದೆ, ಹಾಗೆ ಜೋರಾಗುವುದನ್ನೇ ಡಾಕ್ಟರು 'ಫ್ಲೇರ್' ಅನ್ನುತ್ತಾರೆ. ಹೋದ ತಿಂಗಳು ಜ್ವರ, ಕೀಲುನೋವು, ಸುಸ್ತು ಒಟ್ಟಿಗೇ ಬಂತು. "ಇದು ಫ್ಲೇರೋ ಇನ್ಫೆಕ್ಷನ್ನೋ, ರಕ್ತ ನೋಡಿ ಹೇಳ್ತೀನಿ" ಅಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತಿಗೆಯ ತಾಯಿ "ಏನಂದ್ರಪ್ಪ?" ಅಂತ ಕೇಳಿದರು. "ಕಾಯಿಲೆ ಜಾಸ್ತಿ ಆಗಿದ್ಯೋ, ಇಲ್ಲ ನಂಜಾಗಿದ್ಯೋ ನೋಡ್ಬೇಕಂತೆ" ಅಂದೆ. ಅವರು ನಂಜು ಅನ್ನುವುದನ್ನಷ್ಟೇ ಹಿಡಿದುಕೊಂಡರು. ಅವತ್ತಿನಿಂದ ಮನೆಯಲ್ಲಿ ಬದನೆಕಾಯಿ, ಕುಂಬಳಕಾಯಿ ಬಂದ್!

ತಪ್ಪು ನನ್ನದೇ. ಗಾಯ ಕೀವಾದರೂ ನಂಜು, ಹಾವಿನ ವಿಷವೂ ನಂಜು, ಬದನೆಕಾಯಿಯೂ ನಂಜು. ಸೋಂಕು ಅಂದಿದ್ದರೆ ವಾಸಿಯಿತ್ತು. ಸೋಂಕು ಅಂದರೆ ಮೂಲದಲ್ಲಿ ತಾಗುವುದು, ಮುಟ್ಟುವುದು. ಹೊರಗಿನದೇನೋ ತಾಗಿದೆ ಅನ್ನುವುದು ಆ ಪದದಲ್ಲೇ ಇದೆ.

ಫ್ಲೇರ್‌ನಲ್ಲಿ ಹಾಗಲ್ಲ. ಕಾಯಬೇಕಾದ ಮೈಯೇ ತನ್ನ ಮೇಲೆ ತಾನು ತಿರುಗಿ ಬೀಳುತ್ತದೆ. ಅದಕ್ಕೆ ಕೊಡುವುದು ಹೆಚ್ಚಾಗಿ ಸ್ಟೀರಾಯ್ಡ್ ಥರದ, ಮೈಯ ಕಾವಲನ್ನು ತಗ್ಗಿಸುವ ಔಷಧಿ. ಬ್ಯಾಕ್ಟೀರಿಯಾ ಸೋಂಕಿಗೆ ಆ್ಯಂಟಿಬಯಾಟಿಕ್. ಸೋಂಕನ್ನು ಫ್ಲೇರ್ ಅಂದುಕೊಂಡು ಸ್ಟೀರಾಯ್ಡ್ ಏರಿಸಿದರೆ ಸೋಂಕಿಗೇ ಬಾಗಿಲು ತೆಗೆದ ಹಾಗೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು.

ಉರಿಯೂತ ಅನ್ನೋಣ ಅಂದರೆ ಅದು ಎರಡರಲ್ಲೂ ಇರುತ್ತದೆ. ಉರಿಯೂತ ಇದೆಯಾ ಅಂತ ನೋಡುವ ಇಎಸ್‌ಆರ್ ರಕ್ತಪರೀಕ್ಷೆಯದೂ ಇದೇ ಕತೆ, ಎರಡರಲ್ಲೂ ಏರುತ್ತದೆ. ಅಂಥದ್ದೇ ಇನ್ನೊಂದು ರಕ್ತಪರೀಕ್ಷೆ ಸಿಆರ್‌ಪಿ ಸ್ವಲ್ಪ ವಾಸಿ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಚೆನ್ನಾಗಿ ಏರುತ್ತದೆ, ಬರೀ ಫ್ಲೇರ್ ಆದರೆ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆದರೆ ಎದೆಗೂಡಿನ ಪೊರೆ ಊದಿಕೊಂಡರೆ, ಕೀಲು ಊದಿದರೆ ಫ್ಲೇರ್‌ನಲ್ಲೂ ಏರಬಹುದು. ರಕ್ತದಲ್ಲಿ ಪ್ರೊಕ್ಯಾಲ್ಸಿಟೋನಿನ್ ಅನ್ನುವ ಅಂಶ ಏರಿದರೆ ಸೋಂಕಿನ ಅನುಮಾನ ಇನ್ನೂ ಗಟ್ಟಿ. ಮೈಯ ಕಾವಲಿಗೆ ಸೇರಿದ ಸಿ3, ಸಿ4 ಅನ್ನುವ ಪ್ರೋಟೀನುಗಳು ರಕ್ತದಲ್ಲಿ ಇಳಿದು, ಮೈ ತನ್ನದೇ ಡಿಎನ್‌ಎ ವಿರುದ್ಧದ ಆ್ಯಂಟಿಬಾಡಿ ಏರಿದರೆ ಅದು ಫ್ಲೇರ್ ಕಡೆ ಬೆರಳು ತೋರಿಸುತ್ತದೆ. ಯಾವುದನ್ನೂ ಒಂದನ್ನೇ ನಂಬುವ ಹಾಗಿಲ್ಲ, ಎರಡೂ ಒಟ್ಟಿಗೆ ಇರುವುದೂ ಉಂಟು. ಇವನ್ನೆಲ್ಲ ಸೇರಿಸಿ 'ಮಾರ್ಕರ್' ಅನ್ನುತ್ತಾರೆ. ನಾನು 'ರಕ್ತದ ಕುರುಹು' ಅಂದೆ. ಅಣ್ಣ ನಕ್ಕ, "ಪೊಲೀಸ್ ಕೇಸಾ ಇದು?" ಅಂತ. ಸೂಚಕ ಅನ್ನುವುದೇ ಸರಿಯೇನೋ.

ಮತ್ತೆ ಫ್ಲೇರ್‌ಗೆ ಬರುತ್ತೇನೆ. ಪೇಪರಿನವರ 'ಉಲ್ಬಣ' ನನಗೆ ಒಗ್ಗಲಿಲ್ಲ. ಸೋಂಕೂ ಉಲ್ಬಣ ಆಗುತ್ತದೆ, ಗಡಿ ತಂಟೆಯೂ ಉಲ್ಬಣ ಆಗುತ್ತದೆ. 'ಮರುಕಳಿಕೆ' ಅಂದರೆ ಹೋಗಿದ್ದು ತಿರುಗಿ ಬಂತು ಅಂತ. ಲೂಪಸ್ ಹೋಗಿರುವುದೇ ಇಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಇರುತ್ತದೆ. ಹಾಗೆ ನೋಡಿದರೆ 'ಹೊತ್ತಿಕೊಂಡಿದೆ' ಅನ್ನಬಹುದು, ಇಂಗ್ಲಿಷಿನದೂ ಬೆಂಕಿಯ ಮಾತೇ ತಾನೆ.

ನನಗೆ ಹಿಡಿಸಿದ್ದು 'ಕೆರಳು'. ಹುಣ್ಣು ಕೆರಳಿತು ಅನ್ನುತ್ತೇವೆ. ಸಕಲೇಶಪುರ, ಆಲೂರಿನ ಕಡೆ ಆನೆ ಕೆರಳಿದೆ ಅನ್ನುತ್ತಾರೆ. ಸುಮ್ನೆ ಇದ್ದದ್ದು ಎದ್ದು ಬಂತು ಅನ್ನುವ ಅರ್ಥ ಸಿಗುತ್ತದೆ. ಲೂಪಸ್ ಅಂದರೆ ಲ್ಯಾಟಿನ್ನಿನಲ್ಲಿ ತೋಳ, ಅದಕ್ಕೂ ಹೊಂದುತ್ತದೆ ಬಿಡಿ. ಆದರೆ ಒಂದು ತೊಡಕಿದೆ. ಆನೆ ಕೆರಳಿದೆ ಅಂದ ತಕ್ಷಣ "ಯಾರು ಕೆರಳಿಸಿದ್ದು?" ಅಂತ ಕೇಳುತ್ತಾರೆ. ಎರಡು ವರ್ಷದ ಹಿಂದೆ ಫ್ಲೇರ್ ಆದಾಗ ನಾನು ಇದೇ ಪದ ಹೇಳಿದ್ದೆ. ಅತ್ತಿಗೆ ಮುಖ ಸಣ್ಣದು ಮಾಡಿಕೊಂಡು "ನಾನೇನು ಮಾಡಿ ಕೆರಳಿಸ್ದೆ?" ಅಂದುಬಿಟ್ಟರು. ಬಿಸಿಲಿಗೆ ಕೆರಳುವುದು ನಿಜ, ಆದರೆ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ಈ ಸಲ ಮೂತ್ರದ ಸೋಂಕು ಅಂತ ಗೊತ್ತಾಯಿತು, ಈಗ ಹುಷಾರಾಗಿದ್ದಾರೆ. ಬದನೆಕಾಯಿ ಇನ್ನೂ ಬಂದಿಲ್ಲ.

ರೋಗಿಯ ಮೇಲೆ ತಪ್ಪು ಹೊರಿಸದ, ಅಜ್ಜಿಯರಿಗೂ ತಿಳಿಯುವ ಪದ ಬೇರೆ ಇದೆಯಾ? ಮೂಡಿಗೆರೆ, ಕಡೂರಿನ ಕಡೆ ವಾತದವರು, ಉಬ್ಬಸದವರು ಕಾಯಿಲೆ ಜೋರಾದಾಗ ಏನಂತಾರೆ? ಕೇಳಿದ ಮಾತು ಯಾವುದಿದ್ದರೂ ಹಾಗೇ ಬರೆಯಿರಿ.