ಕಲ್ಲಿನ ಕ್ವಾರಿ, ಬೇಟೆಯ ಕ್ವಾರಿ

ದೊಡ್ಡಪ್ಪ: (ಫಾರ್ವರ್ಡ್) ಇಂಗ್ಲಿಷಿನಲ್ಲಿ ಬೇಟೆಯ ಪ್ರಾಣಿಗೂ ‘ಕ್ವಾರಿ’ ಎನ್ನುತ್ತಾರೆ, ಯಾಕೆ ಗೊತ್ತಾ? ಹಿಂದೆ ಜಿಂಕೆಗಳನ್ನು ಕಲ್ಲು ಕ್ವಾರಿಯ ಗುಂಡಿಗೆ ಅಟ್ಟಿ ಕೊಲ್ಲುತ್ತಿದ್ದರು. ಅದೇ ಹೆಸರು ನಿಂತಿತು. ಎಲ್ಲರಿಗೂ ಕಳಿಸಿ 🙏

ಸುಮಾ: ದೊಡ್ಡಪ್ಪ, ಇದು ಯಾರೋ ಸುಮ್ನೆ ಕಟ್ಟಿದ ಕಥೆ. ಅವು ಎರಡು ಬೇರೆ ಬೇರೆ ಪದ.

ದೊಡ್ಡಪ್ಪ: ಸ್ಪೆಲ್ಲಿಂಗ್ ಒಂದೇ, ಉಚ್ಚಾರ ಒಂದೇ. ಪದ ಮಾತ್ರ ಬೇರೆ ಹೇಗಮ್ಮಾ?

ರವಿ: ಹಾಗಾದ್ರೆ ‘ಹತ್ತು’ ಅಂತ ಹೆಸರು ಬಂದದ್ದು ಹತ್ತು ಜನ ಮರ ಹತ್ತಿದ್ದಕ್ಕಾ? 😂

ದೊಡ್ಡಪ್ಪ: ನೀನು ಸುಮ್ನಿರೋ. ಕಾಕನಕೋಟೆ ಖೆಡ್ಡಾದಲ್ಲಿ ಆನೆಗಳನ್ನು ಅಟ್ಟಿಕೊಂಡು ಬರುತ್ತಿರಲಿಲ್ಲವಾ? 1971ರವರೆಗೂ ನಡೆದಿದೆ.

ಸುಮಾ: ನಡೆದಿದೆ, ಯಾರು ಇಲ್ಲ ಅಂದರು? ಪ್ರಾಣಿಗಳನ್ನು ಅಟ್ಟುವುದು ಎಲ್ಲ ಕಡೆ ಇತ್ತು. ಪದ ಅಲ್ಲಿಂದ ಹುಟ್ಟಿತು ಅನ್ನೋಕೆ ಅದು ಸಾಕ್ಷಿ ಆಗಲ್ಲ. ಕಲ್ಲಿನ ಕ್ವಾರಿ ಬಂದದ್ದು ಲ್ಯಾಟಿನ್ನಿನ ‘ಚೌಕ’ ಅನ್ನುವ ಪದದಿಂದ. ಕಲ್ಲನ್ನು ಚೌಕವಾಗಿ ಕಡಿಯುವ ಜಾಗ, ಅಷ್ಟೇ. ಬೇಟೆಯದ್ದು ಹಳೆ ಫ್ರೆಂಚಿನದು. ಜಿಂಕೆ ಕೊಂದ ಮೇಲೆ ಅದರ ಕರುಳು, ಒಳಗಿನ ಭಾಗಗಳನ್ನು ಬೇಟೆನಾಯಿಗಳಿಗೆ ಹಾಕುತ್ತಿದ್ದರು. ಸುಲಿದ ಚರ್ಮದ ಮೇಲೇ ಹರವಿ ಕೊಡುವುದು ರೂಢಿ. ಒಳಾಂಗಕ್ಕೆ ಇದ್ದ ಪದ, ಚರ್ಮಕ್ಕೆ ಇದ್ದ ‘ಕ್ವೀರ್’ ಅನ್ನುವ ಪದದ ಜೊತೆ ಬೆರೆತು ನಾಯಿಗಳ ಪಾಲಿನ ಹೆಸರಾಯಿತು. ಫ್ರೆಂಚರು ಅದಕ್ಕೆ ಈಗಲೂ ‘ಕ್ಯುರೇ’ ಎನ್ನುತ್ತಾರೆ.

ಗಿರಿಜತ್ತೆ: ಬೆಳಿಗ್ಗೆ ಬೆಳಿಗ್ಗೆ ಕರುಳಿನ ಮಾತು ಬೇಕಿತ್ತಾ ಸುಮಾ? ಇಲ್ಲಿ ತಿಂಡಿ ತಿನ್ನುತ್ತಿದ್ದೇವೆ.

ದೊಡ್ಡಪ್ಪ: ಫ್ರೆಂಚ್ ನಾಯಿ ತಿಂದರೆ ಇಂಗ್ಲಿಷರಿಗೇನು?

ಸುಮಾ: 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರಲ್ಲ. ಆಮೇಲೆ ದೊರೆಗಳ ಬೇಟೆಯ ಮಾತೆಲ್ಲ ಫ್ರೆಂಚ್ ಆಯಿತು. ನಾಯಿಯ ಪಾಲು ಅನ್ನುವುದು ಕೊಂದ ಜಿಂಕೆಗಳ ರಾಶಿ ಅಂತಾಯಿತು. ಆಮೇಲೆ ಅಟ್ಟಿಸಿಕೊಂಡು ಹೋಗುವ ಪ್ರಾಣಿ ಅಂತಾಯಿತು. ನಡುವಿನ ಅರ್ಥ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿದೆ. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆಯ ಸುದ್ದಿ ತಂದವನು, ಸತ್ತವರನ್ನು ಕೊಂದ ಜಿಂಕೆಗಳ ‘ಕ್ವಾರಿ’ ಎನ್ನುತ್ತಾನೆ. ಅಲ್ಲಿ ಕಲ್ಲಿನ ಗುಂಡಿ ಎಲ್ಲಿದೆ ಹೇಳಿ?

ರವಿ: ದೊಡ್ಡಪ್ಪ, ಡಿಕ್ಷನರಿ ತೆಗೆದು ನೋಡಿ. 1, 2 ಅಂತ ನಂಬರ್ ಹಾಕಿ ಬೇರೆ ಬೇರೆ ಕೊಟ್ಟಿರುತ್ತಾರೆ.

ದೊಡ್ಡಪ್ಪ: ನಂಬರ್ ಹಾಕಿದವರೂ ಮನುಷ್ಯರೇ ಅಲ್ವಾ.

ಸುಮಾ: ಅವರು ಹಳೆ ಬರಹ ಓದಿ ಹಾಕಿದ್ದಾರೆ. ನಿಮ್ಮ ಫಾರ್ವರ್ಡಿನಲ್ಲಿ ಯಾವ ಊರು, ಯಾವ ಕಾಲ, ಒಂದೂ ಇಲ್ಲ.

ದೊಡ್ಡಪ್ಪ: ಆಯ್ತು ಬಿಡು, ಇದು ಹೋಗಲಿ. ‘ಡೀರ್’ ಪದದ ಮೇಲೂ ಒಂದು ಬಂದಿದೆ. ಹಾಕಲಾ?

ಗಿರಿಜತ್ತೆ: ತಿಂಡಿ ಮುಗಿದ ಮೇಲೆ ಹಾಕಿ, ಭಾವ.

ಸುಮಾ: ಮೊದಲು ಎಲ್ಲ ಪ್ರಾಣಿಗೂ ‘ಡೀರ್’ ಎನ್ನುತ್ತಿದ್ದರು ಅಂತಿದ್ದರೆ ಹಾಕಿ, ಅದು ನಿಜ. ಜರ್ಮನ್‌ನಲ್ಲಿ ಅದರ ಜೋಡಿ ಪದ ‘ಟೀರ್’, ಪ್ರಾಣಿ ಅಂತಲೇ ಅರ್ಥ.

ದೊಡ್ಡಪ್ಪ: ಇದರಲ್ಲಿ ಬೇರೆ ಏನೋ ಇದೆ. ಇರು, ಕನ್ನಡಕ ಹಾಕಿಕೊಂಡು ಓದುತ್ತೇನೆ.