ಹೊಡೆದುಹಾಕಿದ ಸಾಲು

ನಾನು: ಎಲ್ಲರಿಗೂ ನಮಸ್ಕಾರ. ಕಾಲೇಜಿನ ಪ್ರವೇಶ ಅರ್ಜಿಯ ಜೊತೆಗೆ ಕೊಡಬೇಕಾದ ಪತ್ರದ ಕರಡನ್ನು ಫೋಟೊ ತೆಗೆದು ನಮ್ಮ ಕುಟುಂಬದ ಈ ಗುಂಪಿನಲ್ಲಿ ಹಾಕಿದ್ದೇನೆ. ‘ನೀವು ಪದವಿ ಶಿಕ್ಷಣ ಪಡೆಯಲು ಬಯಸುವುದೇಕೆ?’ ಎಂಬ ಪ್ರಶ್ನೆಗೆ ಒಂದು ಪುಟದೊಳಗೆ ಉತ್ತರಿಸಬೇಕು. ಕಾಗುಣಿತದ ತಪ್ಪುಗಳಿದ್ದರೆ ದಯವಿಟ್ಟು ತಿಳಿಸಿ. ಬೇರೇನೂ ಬೇಡ.

ದೊಡ್ಡಪ್ಪ: ‘ಜ್ಞಾನಾರ್ಜನೆಯೇ ನನ್ನ ಬಾಳಿನ ಗುರಿ’ ಎಂಬ ಆರಂಭ ಬಹಳ ಚೆನ್ನಾಗಿದೆ, ಮಗೂ. ಆದರೆ ಮೂರನೆಯ ಪ್ಯಾರಾದಲ್ಲಿ ನೀನು ಗೀಟು ಎಳೆದು ಹೊಡೆದುಹಾಕಿರುವ ಸಾಲನ್ನು ಫೋಟೊ ದೊಡ್ಡದು ಮಾಡಿಕೊಂಡು ಓದಿದೆ. ‘ಸ್ವಂತ ಸಂಬಳ ಬಂದರೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ, ಸ್ವಲ್ಪ ಕಾಲ ಮನೆಯಿಂದ ದೂರವೂ ಇರಬಹುದು’ ಎಂದು ಅಲ್ಲಿದೆ. ಹೊಡೆದುಹಾಕಿದ್ದು ಒಳ್ಳೆಯದೇ ಆಯಿತು. ಆದರೂ ಓದಿಗೆ ಹೊರಡುವವರ ಮನಸ್ಸಿನಲ್ಲಿ ಇಂಥ ಲೆಕ್ಕಾಚಾರ ಮೊದಲೇ ಬಂದು ಕೂತಿದೆಯಲ್ಲ ಎಂದು ಬೇಸರವಾಯಿತು.

ಅಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ಚಿಕ್ಕಪ್ಪ: ಅಣ್ಣ, ಕ್ಷಮಿಸಿ. ಇಡೀ ಪತ್ರದಲ್ಲಿ ನನಗೆ ನಿಜವೆನಿಸಿದ್ದು ಆ ಹೊಡೆದುಹಾಕಿದ ಸಾಲೊಂದೇ. ಕಾಲೇಜಿಗೆ ಜನ ಹೋಗುವುದು ಕೆಲಸಕ್ಕಾಗಿ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಬರೆದ ಪ್ರಬಂಧದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಕಲಿತ ಪಾಠದಿಂದ ಕೆಲಸಗಾರನ ಸಾಮರ್ಥ್ಯ ಒಂದಿಷ್ಟೂ ಹೆಚ್ಚದಿದ್ದರೂ ಪದವಿಗೆ ಬೆಲೆ ಇರಬಲ್ಲದು. ಏಕೆಂದರೆ ಅಷ್ಟು ವರ್ಷ ಅಷ್ಟು ಶ್ರಮಪಟ್ಟು ಅದನ್ನು ಮುಗಿಸಬಲ್ಲವನು ಎಂಥವನು ಎಂಬ ಸುಳಿವನ್ನು ಅದು ಕೆಲಸ ಕೊಡುವವನಿಗೆ ನೀಡುತ್ತದೆ ಎಂಬುದು ಅವರ ವಾದ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಹಾಗಿರುವಾಗ ಹದಿನೆಂಟರ ಹುಡುಗಿ ಸಂಬಳದ ಮಾತಾಡಿದರೆ ತಪ್ಪೇನು?

ದೊಡ್ಡಪ್ಪ: ಪದವಿಯ ಬೆಲೆ ಏನು ಎಂಬುದು ಕೆಲಸ ಕೊಡುವವನ ಪ್ರಶ್ನೆ. ಓದುವವಳು ಏಕೆ ಓದಬೇಕು ಎಂಬುದು ಬೇರೆಯೇ ಪ್ರಶ್ನೆ. ನೀನು ಎರಡನ್ನೂ ಬೆರೆಸುತ್ತಿದ್ದೀಯ. ಅಮೆರಿಕದಲ್ಲಿ ಹೊಸದಾಗಿ ಕಾಲೇಜು ಸೇರುವವರ ಸಮೀಕ್ಷೆಯೊಂದು 1966ರಿಂದ ನಡೆದುಬಂದಿದೆ. ಆರಂಭದ ವರ್ಷಗಳಲ್ಲಿ ‘ಬದುಕಿಗೊಂದು ಅರ್ಥಪೂರ್ಣ ತತ್ತ್ವವನ್ನು ರೂಪಿಸಿಕೊಳ್ಳುವುದು’ ಬಹಳ ಮುಖ್ಯ ಎಂದವರು ಶೇಕಡಾ 80ಕ್ಕೂ ಹೆಚ್ಚು. ‘ಆರ್ಥಿಕವಾಗಿ ತುಂಬ ಅನುಕೂಲಸ್ಥರಾಗುವುದು’ ಮುಖ್ಯ ಎಂದವರು ಅರ್ಧಕ್ಕಿಂತ ಕಡಿಮೆ. ಎರಡೇ ದಶಕಗಳಲ್ಲಿ ಈ ಅಂಕಿಗಳು ತಿರುವುಮುರುವಾದವು. ನಾನು ಬೇಸರ ಎಂದದ್ದು ಇದಕ್ಕೆ.

ಅಕ್ಕ: ದೊಡ್ಡಪ್ಪ, ಆ ಸಮೀಕ್ಷೆಯ ಬಗ್ಗೆ ಒಂದು ಸಣ್ಣ ತಿದ್ದುಪಡಿ ಹೇಳಲು ಅನುಮತಿ ಕೊಡಿ. ನೀವು ಹೇಳಿದ ಅಂಕಿಗಳು ಸರಿಯೇ, ಆದರೆ ಅವು ಬದುಕಿನ ಗುರಿಗಳ ಬಗೆಗಿನ ಉತ್ತರಗಳು. ಕಾಲೇಜಿಗೆ ಬರಲು ಕಾರಣವೇನೆಂದು ಅದೇ ಸಮೀಕ್ಷೆ ಬೇರೆಯಾಗಿ ಕೇಳುತ್ತದೆ. 2012ರಲ್ಲಿ ‘ಉತ್ತಮ ಉದ್ಯೋಗ ಪಡೆಯಲು’ ಎಂಬುದು ಬಹಳ ಮುಖ್ಯ ಕಾರಣವೆಂದವರು ಸುಮಾರು ಶೇಕಡಾ 88. ‘ನನಗೆ ಆಸಕ್ತಿಯಿರುವ ವಿಷಯಗಳನ್ನು ಹೆಚ್ಚು ತಿಳಿಯಲು’ ಎಂದವರೂ ಶೇಕಡಾ 80ಕ್ಕೂ ಹೆಚ್ಚು. ಎರಡನ್ನೂ ಕೂಡಿಸಿದರೆ ನೂರನ್ನು ಎಷ್ಟೋ ದಾಟುತ್ತದೆ. ಅಂದರೆ ಮೂವರಲ್ಲಿ ಇಬ್ಬರಾದರೂ ಎರಡು ಕಾರಣಗಳಿಗೂ ಗುರುತು ಹಾಕಿದ್ದಾರೆ. ನೀವೂ ಚಿಕ್ಕಪ್ಪನೂ ಎರಡು ಬಗೆಯ ವಿದ್ಯಾರ್ಥಿಗಳಿದ್ದಾರೆ ಎಂಬಂತೆ ವಾದಿಸುತ್ತಿದ್ದೀರಿ, ಆದರೆ ನೀವಿಬ್ಬರೂ ಹೇಳುತ್ತಿರುವುದು ಬಹುಮಟ್ಟಿಗೆ ಒಬ್ಬಳೇ ಹುಡುಗಿಯ ಬಗ್ಗೆ.

ದೊಡ್ಡಪ್ಪ: ಎರಡೂ ಒಟ್ಟಿಗೆ ಇರುತ್ತವೆ ಎಂದು ನಾನೂ ಒಪ್ಪುತ್ತೇನೆ. ಒಟ್ಟಿಗೆ ಇದ್ದರೆ ಹಾಲಿಗೆ ಹುಳಿ ಹಿಂಡಿದಂತಾಗುತ್ತದೆ ಎಂಬುದೇ ನನ್ನ ಆತಂಕ. ನಿನಗೂ ಗೊತ್ತಿರಬಹುದು, ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ 11,000ಕ್ಕೂ ಹೆಚ್ಚು ಕೆಡೆಟ್‌ಗಳನ್ನು ಸೇರುವಾಗಲೇ ‘ಏಕೆ ಬಂದಿರಿ’ ಎಂದು ಕೇಳಿ, ಮುಂದೆ ವರ್ಷಗಟ್ಟಲೆ ಅವರ ದಾರಿಯನ್ನು ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಳಗಿನ ಪ್ರೇರಣೆ ಬಲವಾಗಿದ್ದವರು ಅಧಿಕಾರಿಗಳಾಗುವ ಸಾಧ್ಯತೆಯೂ ಸೇವೆಯಲ್ಲಿ ಉಳಿಯುವ ಸಾಧ್ಯತೆಯೂ ಹೆಚ್ಚಾಗಿತ್ತು. ಆದರೆ ಅದರ ಜೊತೆಗೆ ಹಣ, ಉದ್ಯೋಗಗಳಂಥ ಹೊರಗಿನ ಪ್ರೇರಣೆಯೂ ಬಲವಾಗಿದ್ದವರಲ್ಲಿ ಆ ಲಾಭ ಕುಗ್ಗಿತ್ತು. ಎರಡು ಎಂಜಿನ್ ಕಟ್ಟಿದರೆ ಗಾಡಿ ಹೆಚ್ಚು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು.

ಚಿಕ್ಕಪ್ಪ: ಅಣ್ಣ, ಸೇನೆಯ ಕೆಡೆಟ್‌ಗಳ ಮಾತು ನಮ್ಮ ಹುಡುಗಿಗೆ ಏಕೆ?

ಅಕ್ಕ: ಅಷ್ಟು ಸುಲಭವಾಗಿ ತಳ್ಳಿಹಾಕುವಂಥ ಅಧ್ಯಯನವಲ್ಲ ಅದು, ಚಿಕ್ಕಪ್ಪ. ನನ್ನ ತರಗತಿಯಲ್ಲೇ ಅದರ ನೆರಳನ್ನು ಕಂಡಿದ್ದೇನೆ. ‘ಇದು ಪರೀಕ್ಷೆಗೆ ಬರುತ್ತದೆಯೇ, ಮೇಡಂ?’ ಎಂದು ಕೇಳುವ ಹುಡುಗ, ಬರುವುದಿಲ್ಲ ಎಂದೊಡನೆ ಪೆನ್ನಿನ ಮುಚ್ಚಳ ಹಾಕಿಬಿಡುತ್ತಾನೆ. ಆ ಮುಚ್ಚಳದ ‘ಟಕ್’ ಸದ್ದು ಹಿಂದಿನ ಬೆಂಚಿನಿಂದಲೂ ಕೇಳಿಸುತ್ತದೆ. ಹಿಂದಿನ ನಿಮಿಷದವರೆಗೆ ಅವನ ಮುಖದಲ್ಲಿದ್ದ ಕುತೂಹಲ ನಟನೆಯಾಗಿರಲಿಲ್ಲ ಎಂದು ನನಗೆ ಗೊತ್ತು.

ಆದರೆ ದೊಡ್ಡಪ್ಪ, ಕಾಗದದ ಮೇಲಿನ ಸಾಲನ್ನು ಹೊಡೆದುಹಾಕಿದ ಮಾತ್ರಕ್ಕೆ ಅದು ಮನಸ್ಸಿನಿಂದ ಹೋಗುವುದಿಲ್ಲವಲ್ಲ. ಪ್ರೇರಣೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೊರಗಿನ ಪ್ರೇರಣೆಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಲಿಲ್ಲ. ‘ಓದದಿದ್ದರೆ ನಾಲ್ಕು ಜನರ ಮುಂದೆ ತಲೆ ಎತ್ತಲಾಗದು’ ಎಂಬ ಅಳುಕಿನಿಂದ ಓದುವುದೂ, ‘ನಾನು ನನ್ನ ಕಾಲ ಮೇಲೆ ನಿಲ್ಲಬೇಕು, ಅದಕ್ಕೆ ಈ ಪದವಿ ಬೇಕು’ ಎಂದು ತಾನೇ ತೀರ್ಮಾನಿಸಿ ಓದುವುದೂ ಅವರ ಪ್ರಕಾರ ಒಂದೇ ಅಲ್ಲ. ಮೊದಲನೆಯದು ಬೇರೆಯವರ ಕಣ್ಣನ್ನು ನಮ್ಮೊಳಗೆ ಇಟ್ಟುಕೊಂಡು ಬದುಕುವ ರೀತಿ. ಎರಡನೆಯದರಲ್ಲಿ ಸಂಬಳದ ಮಾತಿದ್ದರೂ ನಿರ್ಧಾರ ಅವಳದೇ. ಹಾಗಾಗಿ ಹಣವೋ ಜ್ಞಾನವೋ ಎಂಬುದಕ್ಕಿಂತ ಆ ಕಾರಣ ಯಾರದು ಎಂದು ಕೇಳುವುದೇ ಸರಿ ಎಂದು ನನ್ನ ಅಭಿಪ್ರಾಯ. ಈ ಪತ್ರದಲ್ಲಿ ‘ಜ್ಞಾನಾರ್ಜನೆಯೇ ಬಾಳಿನ ಗುರಿ’ ಎಂಬುದು ಎಲ್ಲಿಂದಲೋ ತಂದ ಮಾತಿನಂತಿದೆ. (ಪ್ರತಿ ವರ್ಷ ಇಂಥ ಪತ್ರಗಳ ಕಟ್ಟು ನನ್ನ ಮೇಜಿಗೆ ಬರುತ್ತದೆ, ಇದೇ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಈಗ ಅದು ಕಣ್ಣಿಗೆ ಬೀಳುವುದೇ ಇಲ್ಲ.) ಹೊಡೆದುಹಾಕಿದ ಸಾಲು ಮಾತ್ರ ಅವಳದೇ ಮಾತು.

ಅತ್ತೆ: ಬೆಳಗಿನಿಂದ ಓದುತ್ತಿದ್ದೇನೆ. ನಾನು ಎರಡು ಸಲ ಕಾಲೇಜಿಗೆ ಸೇರಿದವಳು, ಆದ್ದರಿಂದ ಒಂದು ಮಾತು ಹೇಳಬಹುದು ಎಂದುಕೊಂಡಿದ್ದೇನೆ. ಮೊದಲ ಸಲ ಸೇರಿದ್ದು ಗೆಳತಿ ಸೇರಿದಳೆಂದು. ಅವಳು ಆರಿಸಿದ ವಿಷಯವನ್ನೇ ನಾನೂ ಆರಿಸಿದೆ. ಎರಡನೆಯ ವರ್ಷ ಅವಳು ಬೇರೆ ಕಡೆ ಹೋದಳು; ಮೂರು ತಿಂಗಳಲ್ಲಿ ನಾನೂ ಬಿಟ್ಟೆ. ದೊಡ್ಡಣ್ಣ ಅದನ್ನು ಆಗ ಸೋಮಾರಿತನ ಎಂದಿದ್ದರು.

ಎರಡನೆಯ ಸಲ ಸೇರಿದಾಗ ನನಗೆ 38 ವರ್ಷ. ಕಚೇರಿಯಲ್ಲಿ ಮಾಸಿಕ ವರದಿಯನ್ನು ಹದಿನೈದು ವರ್ಷಗಳಿಂದ ನಾನೇ ಸಿದ್ಧಪಡಿಸುತ್ತಿದ್ದೆ, ಆದರೆ ಕೊನೆಯ ಪುಟದಲ್ಲಿ ಸಹಿ ಹಾಕುವ ಅಧಿಕಾರ ಪದವೀಧರರಿಗೆ ಮಾತ್ರ ಇತ್ತು. ನನಗಿಂತ ಎಷ್ಟೋ ಚಿಕ್ಕವರು ಬಂದು, ನಾನು ಬರೆದದ್ದನ್ನು ಓದದೆಯೇ ಸಹಿ ಮಾಡುತ್ತಿದ್ದರು. ಆ ಸಹಿಯ ಜಾಗ ನನ್ನದಾಗಬೇಕು ಎಂಬ ಒಂದೇ ಹಟದಿಂದ ಸಂಜೆಯ ತರಗತಿಗೆ ಸೇರಿದೆ. ದೊಡ್ಡಣ್ಣನ ಲೆಕ್ಕದಲ್ಲಿ ಇದಕ್ಕಿಂತ ಕೀಳಾದ ಕಾರಣ ಬೇರೆ ಇರಲಿಕ್ಕಿಲ್ಲ.

ಮೊದಲ ಅವಧಿಯಲ್ಲಿ ಸಂಖ್ಯಾಶಾಸ್ತ್ರದ ಪಾಠ ಬಂತು. ಮೇಷ್ಟ್ರು ಒಂಬತ್ತು ಸಣ್ಣ ಸಂಖ್ಯೆಗಳನ್ನೂ ಒಂದು ದೊಡ್ಡ ಸಂಖ್ಯೆಯನ್ನೂ ಹಲಗೆಯ ಮೇಲೆ ಬರೆದು, ಸರಾಸರಿಯನ್ನೂ ಮಧ್ಯಾಂಕವನ್ನೂ (ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಬೆಲೆ) ಕಂಡುಹಿಡಿಯಲು ಹೇಳಿದರು. ಆ ಒಂದು ದೊಡ್ಡ ಸಂಖ್ಯೆ ಇಡೀ ಸರಾಸರಿಯನ್ನು ತನ್ನತ್ತ ಎಳೆದುಕೊಂಡಿತ್ತು. ಮಧ್ಯಾಂಕ ಮಾತ್ರ ಅಲುಗಾಡಿರಲಿಲ್ಲ. ನಾನು ಹದಿನೈದು ವರ್ಷ ವರದಿಯಲ್ಲಿ ತುಂಬುತ್ತಿದ್ದ ಸರಾಸರಿಗಳು ಏನನ್ನು ಮುಚ್ಚಿಟ್ಟಿದ್ದವು ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ರಾತ್ರಿ ಮನೆಗೆ ಬಂದು ಹಳೆಯ ವರದಿಗಳ ಪ್ರತಿ ತೆಗೆದು ಒಂದೊಂದಕ್ಕೂ ಮಧ್ಯಾಂಕ ಲೆಕ್ಕ ಹಾಕುತ್ತ ಕೂತೆ. ಪರೀಕ್ಷೆಯಾಗಲಿ, ಸಹಿಯಾಗಲಿ ಆಗ ನೆನಪಿರಲಿಲ್ಲ. ಈ ಖುಷಿಯ ಬಗ್ಗೆ ಅರ್ಜಿ ತುಂಬಿದ ದಿನ ಯಾರಾದರೂ ಕೇಳಿದ್ದರೆ ನಾನು ಏನನ್ನು ಬರೆಯುತ್ತಿದ್ದೆ? ಅಂಥದ್ದೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ.

ದೊಡ್ಡಪ್ಪ: ಸೋಮಾರಿತನ ಎಂದದ್ದು ತಪ್ಪು, ತಂಗಿ. ಆದರೆ ನಿನ್ನ ಕತೆ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ನಿನ್ನನ್ನು ರಾತ್ರಿಯಿಡೀ ಕೂರಿಸಿದ್ದು ಸಹಿಯಲ್ಲ, ವಿಷಯ.

ಅತ್ತೆ: ಸಹಿಯ ಹಟವಿಲ್ಲದಿದ್ದರೆ ಆ ವಿಷಯದ ಬಾಗಿಲಿಗೆ ನಾನು ಹೋಗುತ್ತಲೇ ಇರಲಿಲ್ಲ, ಅಣ್ಣ.

ಅಪ್ಪ: ಮೊದಲು ಬರೆದ ಸಂದೇಶವನ್ನು ಕೋಪದಲ್ಲಿ ಬರೆದಿದ್ದೆ, ಅದಕ್ಕೇ ಅಳಿಸಿದೆ. ಸಂಬಳದ ಮಾತಿಗೆ ನನಗೆ ಬೇಸರವಿಲ್ಲ. ‘ಮನೆಯಿಂದ ದೂರ’ ಎಂಬುದು ಚುಚ್ಚಿತು. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ; ನಮ್ಮ ಮನೆಯಿಂದ ಹೋಗುತ್ತಿರುವ ಮೊದಲಿಗಳು ಅವಳೇ. ಅವಳು ಮನೆಗಾಗಿ ಓದುತ್ತಾಳೆ ಎಂದುಕೊಂಡಿದ್ದೆ.

ಅಕ್ಕ: ಚಿಕ್ಕಪ್ಪ (ದೊಡ್ಡ ಚಿಕ್ಕಪ್ಪ, ಪುಟ್ಟಿಯ ಅಪ್ಪ), ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಬರುವವರು ‘ಮನೆಯವರಿಗೆ ನೆರವಾಗಬೇಕು’ ಎಂಬ ಕಾರಣವನ್ನು ಇತರರಿಗಿಂತ ಹೆಚ್ಚಾಗಿ ಕೊಡುತ್ತಾರೆ ಎಂದು 2012ರ ಅಮೆರಿಕದ ಸಂಶೋಧನೆಯೊಂದು ತೋರಿಸಿತು. ಕಾಲೇಜುಗಳಾದರೋ ‘ನಿಮ್ಮ ದಾರಿಯನ್ನು ನೀವೇ ಕಂಡುಕೊಳ್ಳಿ’ ಎಂಬ ಭಾಷೆಯನ್ನೇ ಹೆಚ್ಚು ಆಡುತ್ತವೆ, ಆಗ ಆ ಮಕ್ಕಳು ಹೊರಗಿನವರಂತಾಗುತ್ತಾರೆ. ವಿಶ್ವವಿದ್ಯಾಲಯದ ಸ್ವಾಗತ ಪತ್ರವನ್ನು ‘ಒಬ್ಬರಿಗೊಬ್ಬರು ಆಸರೆಯಾಗಿ ಕಲಿಯೋಣ’ ಎಂಬ ಧಾಟಿಯಲ್ಲಿ ಬರೆದಾಗ, ಅದೇ ಸಂಶೋಧನೆಯ ಪ್ರಯೋಗದಲ್ಲಿ ಆ ಮಕ್ಕಳ ಮತ್ತು ಇತರರ ಸಾಧನೆಯ ನಡುವೆ ಅಂತರ ಕಾಣಲಿಲ್ಲ. ಹೀಗಿರುವಾಗ ಪುಟ್ಟಿಗೆ ಎರಡು ಕಡೆಯ ಎಳೆತವೂ ಇರುವುದು ಸಹಜ. ಮನೆಗಾಗಿ ಓದುವ ಮನಸ್ಸೂ, ಮನೆಯಿಂದ ಒಂದಿಷ್ಟು ಹೊರಗೆ ನಿಂತು ನೋಡುವ ಆಸೆಯೂ ಒಂದೇ ಹುಡುಗಿಗೆ ಇರಬಹುದು.

ನಾನು: ಅಪ್ಪ, ಆ ಸಾಲು ನಿಮಗೆ ನೋವು ಮಾಡಲೆಂದು ಬರೆದದ್ದಲ್ಲ. ನೋವಾಗಬಹುದೆಂದೇ ಹೊಡೆದುಹಾಕಿದ್ದೆ.

ಎಲ್ಲರೂ ಇಷ್ಟು ಬರೆದ ಮೇಲೆ ನಾನೂ ಒಂದು ವಿಷಯ ಹೇಳುತ್ತೇನೆ, ನಗಬಾರದು. ಒಂಬತ್ತನೆಯ ತರಗತಿಯಲ್ಲಿ ಈರುಳ್ಳಿ ಸಿಪ್ಪೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಇದ್ದದ್ದು ಒಂದೇ ಸೂಕ್ಷ್ಮದರ್ಶಕ, ಹಿಂದೆ ನಲವತ್ತು ಜನರ ಸಾಲು. ಮೊದಲು ನನಗೆ ಕಂಡದ್ದು ನನ್ನದೇ ರೆಪ್ಪೆಗಳ ನೆರಳು. ಗುಂಡಿ ತಿರುಗಿಸಿ ಇಟ್ಟಿಗೆ ಜೋಡಿಸಿದಂಥ ಕೋಶಗಳು ಸ್ಪಷ್ಟವಾಗುವಷ್ಟರಲ್ಲಿ ‘ಮುಂದಿನವರು ಬನ್ನಿ’ ಎಂದರು. ಒಂದು ಕೋಶದ ಮೂಲೆಯಲ್ಲಿ ಕಂದು ಚುಕ್ಕೆಯಂಥದ್ದೊಂದು ಇತ್ತು. ಅದು ಕೋಶಕೇಂದ್ರವೋ ಗಾಜಿನ ಮೇಲಿನ ಕೊಳೆಯೋ ಎಂದು ನೋಡಿ ಮುಗಿದಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸೂಕ್ಷ್ಮದರ್ಶಕ ಸಿಗುತ್ತದೆ ಎಂದು ಅಕ್ಕ ಹೇಳಿದ ದಿನವೇ ಜೀವಶಾಸ್ತ್ರ ಎಂದು ನಿರ್ಧರಿಸಿದ್ದೆ. ಇದು ಪತ್ರದಲ್ಲಿ ಬರೆಯುವಷ್ಟು ದೊಡ್ಡ ಕಾರಣ ಎಂದು ಅನ್ನಿಸಿರಲಿಲ್ಲ.

ಅಕ್ಕ: ಮೊದಲ ಸಾಲನ್ನು ತೆಗೆದು ಇದನ್ನು ಅಲ್ಲಿಡು. ಸಂಬಳದ ಸಾಲನ್ನೂ ಇಡು.

ದೊಡ್ಡಪ್ಪ: ಸೂಕ್ಷ್ಮದರ್ಶಕಕ್ಕೆ ನನ್ನ ಪೂರ್ಣ ಒಪ್ಪಿಗೆ. ಸಂಬಳದ ಸಾಲಿಗೆ ಈಗಲೂ ಇಲ್ಲ.

ಅಪ್ಪ: ಎರಡೂ ಇರಲಿ. ದೂರದ ಮಾತೂ ಇರಲಿ.

ನಾನು: ತಿದ್ದಿ ಬರೆದ ಪ್ರತಿಯ ಫೋಟೊ ಹಾಕಿದ್ದೇನೆ. ನಾಳೆಯೇ ಕೊನೆಯ ದಿನ. ಈಗಲಾದರೂ ಯಾರಾದರೂ ಕಾಗುಣಿತ ನೋಡುವಿರಾ?

ದೊಡ್ಡಪ್ಪ: ಶೀರ್ಷಿಕೆಯಲ್ಲೇ ತಪ್ಪಿದೆ, ಮಗೂ. ‘ಉದ್ಧೇಶ’ ಅಲ್ಲ, ‘ಉದ್ದೇಶ’. ಮಹಾಪ್ರಾಣ ಬೇಡ.